ಶೋಕಿ ಯಾರದು? ನಮ್ಮ ಗೋಡೆ ಮೇಲಿದ್ದ ಜಾಹೀರಾತುಗಳ ಚರಿತ್ರೆ

“ನಿಮ್ಮ ಹುಡುಗರಿಗೆ ಈಗೀಗ ಶೋಕಿ ಜಾಸ್ತಿ ಆಗಿದೆ ಬಿಡಿ ಸಾರ್.”

ಹದಿನೆಂಟು ವರ್ಷದ ಗುಮಾಸ್ತಗಿರಿಯಲ್ಲಿ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕ ಇಟ್ಟಿಲ್ಲ. ಸ್ಕಾಲರ್‌ಶಿಪ್ ಫೈಲು ಟೇಬಲ್ಲಿಗೆ ಬಂದಾಗ ಬರುತ್ತೆ. ಹಾಸ್ಟೆಲ್ ಹುಡುಗ ಒಳ್ಳೆ ಶೂ ಹಾಕ್ಕೊಂಡು ಅರ್ಜಿ ಕೊಡೋಕೆ ಬಂದಾಗ ಬರುತ್ತೆ. ಏಪ್ರಿಲ್ 14ರ ಮೆರವಣಿಗೆಗೆ ಡಿಜೆ ಕಟ್ಟಿದರಂತೂ ತಪ್ಪದೇ ಬರುತ್ತೆ. ಅದೇ ಶೂ ಬೇರೆ ಮನೆ ಹುಡುಗನ ಕಾಲಲ್ಲಿದ್ದರೆ ಅದು ಶೋಕಿ ಅಲ್ಲ, ‘ಒಳ್ಳೆ ಟೇಸ್ಟು’.

ಈ ಶೋಕಿ, ಐಷಾರಾಮ ಅನ್ನೋ ಕಲ್ಪನೆ ನಮ್ಮಂಥ ಮಕ್ಕಳ ತಲೆಗೆ ಎಲ್ಲಿಂದ ಬಂತು ಅಂತ ಯೋಚನೆ ಮಾಡ್ತಾ ಹೋದೆ. ಟೀವಿ ನಮ್ಮ ಕೇರಿಗೆ ತಡವಾಗಿ ಬಂತು. ಸಿನಿಮಾ ನೋಡ್ತಿದ್ದದ್ದು ಜಾತ್ರೆಗೋ ಹಬ್ಬಕ್ಕೋ ಒಮ್ಮೆ. ಆದರೆ ಪತ್ರಿಕೆ ಜಾಹೀರಾತು ಮಾತ್ರ ದಿನಾ ಬೆಳಿಗ್ಗೆ ಎದ್ದರೆ ಕಣ್ಣೆದುರಿಗೇ ಇರ್ತಿತ್ತು. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ನಾನು ಬೆಳೆದದ್ದು ತುಮಕೂರು ಸೀಮೆಯ ಒಂದು ಎ.ಕೆ. ಕಾಲೋನಿಯಲ್ಲಿ. ಎ.ಕೆ. ಅಂದ್ರೆ ಆದಿ ಕರ್ನಾಟಕ. ಹೆಸರು ನೋಡಿದರೆ ಈ ನಾಡಿನ ಮೂಲದವರು, ಜಾಗ ನೋಡಿದರೆ ಊರಿನ ಹೊರಗೆ. ಅಪ್ಪ ಪೇಟೆಯ ಗುಜರಿ ಅಂಗಡಿಯಲ್ಲಿ ಮೂಟೆ ಹೊರ್ತಿದ್ದ. ರದ್ದಿಗೆ ಬಂದ ಸುಧಾ, ತರಂಗ, ಪ್ರಜಾಮತ, ಚಂದಮಾಮ ಇವನ್ನೆಲ್ಲ ಸಾಹುಕಾರ ಕೊಟ್ಟಷ್ಟು ಟವೆಲಲ್ಲಿ ಕಟ್ಟಿಕೊಂಡು ಮನೆಗೆ ತರ್ತಿದ್ದ. ಓದೋಕೆ ಅಲ್ಲ, ಮಣ್ಣಿನ ಗೋಡೆ ಉದುರದ ಹಾಗೆ ಅಂಟಿಸೋಕೆ. ಅವ್ವ ಹಿಟ್ಟಿನ ಗಂಜಿ ಕಾಯಿಸಿ ಅಂಟು ಮಾಡೋಳು. ಯಾವ ಹಾಳೆ ಎಲ್ಲಿ ಅನ್ನೋದಕ್ಕೆ ಅವಳದೊಂದು ಲೆಕ್ಕ ಇತ್ತು. ಬರೀ ಅಕ್ಷರದ ಹಾಳೆ ಅಡಿಗೆ, ಬಣ್ಣದ ಹಾಳೆ ಮೇಲಕ್ಕೆ. ಆ ಕಾಲದ ವಾರಪತ್ರಿಕೆಯಲ್ಲಿ ಬಣ್ಣ ಹೆಚ್ಚಾಗಿ ಇರ್ತಿದ್ದದ್ದು ಮುಖಪುಟಕ್ಕೆ, ಆಮೇಲೆ ಜಾಹೀರಾತಿಗೆ. ಹೀಗಾಗಿ ಕನ್ನಡದ ದೊಡ್ಡ ದೊಡ್ಡ ಸಾಹಿತಿಗಳ ಧಾರಾವಾಹಿ ಎಲ್ಲಾ ಗೋಡೆಯೊಳಗೆ ಸೇರಿಹೋಯ್ತು. ಸೋಪು, ಫ್ರಿಜ್ಜು, ವಾಚು, ಟೀಪುಡಿ, ಪ್ರೆಷರ್ ಕುಕ್ಕರು ನಮ್ಮ ಮುಂದೆ ಉಳ್ಕೊಂಡ್ವು. ಇದು 1986-87ರ ಮಾತು. ನಾನು ಅಕ್ಷರ ಕೂಡಿಸಿ ಓದೋದು ಕಲಿತದ್ದು ಅರ್ಧ ಶಾಲೆಯಲ್ಲಾದರೆ ಇನ್ನರ್ಧ ಆ ಗೋಡೆಯಲ್ಲಿ.

ಒಂದು ಫ್ರಿಜ್ ಜಾಹೀರಾತು ನಾನು ಮಲಗೋ ಜಾಗದ ಪಕ್ಕಕ್ಕೇ ಇತ್ತು. ಬಾಗಿಲು ತೆಗೆದಿದೆ. ಒಳಗೆ ಸೇಬು, ದ್ರಾಕ್ಷಿ, ಹಾಲು. ಬಾಗಿಲಿನ ತಟ್ಟೆಯಲ್ಲಿ ಸಾಲಾಗಿ ನೀರಿನ ಬಾಟಲಿ. ನನ್ನ ವಯಸ್ಸಿನ ಒಬ್ಬ ಹುಡುಗ ಚಡ್ಡಿ ಹಾಕ್ಕೊಂಡು ಬಂದು ಒಂದು ಬಾಟಲಿಗೆ ಕೈ ಹಾಕಿದ್ದಾನೆ. ಪಕ್ಕದಲ್ಲಿ ಅವನಮ್ಮ ನಗ್ತಾ ನಿಂತಿದ್ದಾಳೆ.

ಜಾಹೀರಾತು ಬರೆದವನು ಮಾರೋಕೆ ಹೊರಟಿದ್ದು ತಂಪು. ನಾನು ನೋಡಿದ್ದು ಆ ಹುಡುಗನ ಕೈ. ನಮ್ಮೂರಲ್ಲಿ ಆಗ ನಾವು ನೀರು ತಗೊಳ್ಳೋದು ಅಂದ್ರೆ ಬಾವಿ ಹತ್ತಿರ ಬಿಂದಿಗೆ ಇಟ್ಟು ದೂರ ನಿಲ್ಲೋದು, ಯಾರಾದರೂ ಪುಣ್ಯಾತ್ಮರು ಬಂದು ಸೇದಿ ಮೇಲಿಂದ ಹೊಯ್ಯೋವರೆಗೂ ಕಾಯೋದು. ಕೆಲವು ದಿನ ಒಂದು ಗಂಟೆ ಆಗ್ತಿತ್ತು. ಈ ಹುಡುಗ ಯಾರನ್ನೂ ಕೇಳದೆ ಬಾಗಿಲು ತೆಗೆದು ನೀರಿಗೆ ಕೈ ಹಾಕ್ತಾನೆ! ನನಗೆ ಅದು ಐಷಾರಾಮ ಅನ್ನಿಸಿತ್ತು. ದೊಡ್ಡವನಾದ ಮೇಲೆ ಫ್ರಿಜ್ಜು ತಗೊಳ್ಳಬೇಕು ಅಂತ ಅಂದುಕೊಂಡಿದ್ದೆ. ಒಳಗೆ ಸೇಬು ಇರಬೇಕು ಅಂತ ಅನ್ನಿಸಿರಲೇ ಇಲ್ಲ.

ಹಾಗೇ ಟೀ ಜಾಹೀರಾತು. ಬಿಳೀ ಪಿಂಗಾಣಿ ಕಪ್ಪು, ಅದರ ಕೆಳಗೆ ಸಾಸರು, ಹಬೆ. ನಮ್ಮೂರ ಹೋಟೆಲಲ್ಲಿ ನಮ್ಮವರಿಗೆ ಟೀ ಕೊಡ್ತಿದ್ದದ್ದು ಹೊರಗಡೆ ಸೂರಿಗೆ ಸಿಕ್ಕಿಸಿಟ್ಟ ಗ್ಲಾಸಲ್ಲಿ. ಕುಡಿದು ನಾವೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು.

ಇಲ್ಲಿ ಒಂದು ಚರಿತ್ರೆಯ ತಮಾಷೆ ಇದೆ ನೋಡಿ. ಟೀ ಕುಡಿಯೋ ಅಭ್ಯಾಸವನ್ನು ನಮ್ಮ ದೇಶದಲ್ಲಿ ಹರಡಿದ್ದೇ ಜಾಹೀರಾತು. ಬ್ರಿಟಿಷರು ಅಸ್ಸಾಮಲ್ಲಿ ಬೆಳೆದ ಟೀ ಮೊದಲು ಹಡಗು ಹತ್ತಿ ಹೊರದೇಶಕ್ಕೇ ಹೋಗ್ತಿತ್ತು. 1903ರಲ್ಲಿ ಟೀ ಸೆಸ್ ಕಾಯ್ದೆ ತಂದು, ರಫ್ತಾಗೋ ಟೀ ಮೇಲೆ ತೆರಿಗೆ ಹಾಕಿ, ಆ ದುಡ್ಡಲ್ಲಿ ಟೀ ಪ್ರಚಾರ ಶುರು ಮಾಡಿದರು. 1930ರ ದಶಕದಲ್ಲಿ ಟೀ ಮಾರುಕಟ್ಟೆ ವಿಸ್ತರಣಾ ಮಂಡಳಿ ಅನ್ನೋದು ರೈಲ್ವೆ ಸ್ಟೇಷನ್ನುಗಳಲ್ಲಿ ದೇಶಿ ಭಾಷೆಗಳಲ್ಲೇ ಎನಾಮಲ್ ಬೋರ್ಡು ಹೊಡೆಸಿತು, ಟೀ ಮಾಡೋದು ಹೇಗೆ ಅಂತ ಚಿತ್ರ ಹಾಕಿ ತೋರಿಸಿತು, ಸಂತೆ ಜಾತ್ರೆಗಳಲ್ಲಿ ಟೀ ಕಾಯಿಸಿ ಕುಡಿಸಿತು. ಅಂದ್ರೆ ಟೀಗೆ ಮನುಧರ್ಮದಲ್ಲಿ ಜಾಗ ಇಲ್ಲ, ವೇದಕಾಲದ ಮಾತಂತೂ ದೂರ. ಅದು ನಿನ್ನೆ ಮೊನ್ನೆ ಜಾಹೀರಾತಿನ ಬೆನ್ನೇರಿ ಬಂದ ಪಾನೀಯ. ಅಂಥ ಹೊಸಾ ಪಾನೀಯಕ್ಕೂ ಊರು ಎರಡು ಗ್ಲಾಸು ಹುಡುಕಿಕೊಂಡಿತಲ್ಲ! ಮಾಲು ಕಂಪನಿಯದು, ಗ್ಲಾಸು ಊರಿನದು.

ಇನ್ನು ಸೋಪು. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ‘ಕೊಳಕು’ ಅನ್ನೋ ಪದ ನಮ್ಮ ಬೆನ್ನು ಬಿಟ್ಟಿದ್ದೇ ಇಲ್ಲ.

ಸೋಪಿನ ಜಾಹೀರಾತಿಗೆ ಹುಟ್ಟಿದಾಗಿಂದ ಒಂದು ಬಣ್ಣದ ರೋಗ ಇದೆ. 1884ರ ಹೊತ್ತಿಗೆ ಇಂಗ್ಲೆಂಡಿನ ಪಿಯರ್ಸ್ ಸೋಪಿನ ಒಂದು ಜಾಹೀರಾತು ಬಂತು. ಕಪ್ಪು ಮಗುವೊಂದನ್ನು ಬಿಳಿ ಮಗು ತೊಟ್ಟಿಯಲ್ಲಿ ಕೂರಿಸಿ ತೊಳೆಯುತ್ತೆ. ಎರಡನೇ ಚಿತ್ರದಲ್ಲಿ ಆ ಮಗುವಿನ ಮೈಯೆಲ್ಲ ಬೆಳ್ಳಗಾಗಿದೆ, ಮುಖ ಮಾತ್ರ ಕಪ್ಪು ಉಳಿದಿದೆ. 1899ರಲ್ಲಿ ಅದೇ ಪಿಯರ್ಸ್, ಅಮೆರಿಕದ ಅಡ್ಮಿರಲ್ ಡ್ಯೂಯಿ ಕೈ ತೊಳೆಯೋ ಚಿತ್ರ ಹಾಕಿ, ಲೋಕದ ಕತ್ತಲೆ ಮೂಲೆಗಳಿಗೆ ಶುಚಿತ್ವ ಕಲಿಸೋದು ಬಿಳಿಯರ ಹೊಣೆ ಅನ್ನೋ ಅರ್ಥದ ಮಾತು ಬರೆಸಿತು. ಆ ಚಿತ್ರದ ಮೂಲೆಯಲ್ಲಿ ಒಬ್ಬ ಬಿಳಿಯ, ಮಂಡಿಯೂರಿದ ಕಪ್ಪು ಮನುಷ್ಯನ ಕೈಗೆ ಸೋಪು ಕೊಡ್ತಾ ಇದ್ದಾನೆ. ಅಂದ್ರೆ ಸೋಪು ಕೊಡೋನು ಮೇಲೆ, ಇಸ್ಕೊಳ್ಳೋನು ಕೆಳಗೆ. ಇದು ನಮಗೆ ಗೊತ್ತಿರೋ ವ್ಯಾಕರಣವೇ ಅಲ್ವಾ?

ಇಂಡಿಯಾಕ್ಕೆ ಲೀವರ್ ಕಂಪನಿಯ ಸನ್‌ಲೈಟ್ 1888ರಲ್ಲಿ ಬಂತು, ಲೈಫ್‌ಬಾಯ್ 1895ರಲ್ಲಿ. ಕೆಂಪು ಲೈಫ್‌ಬಾಯ್ ಮೊದಲಿಂದಲೂ ದುಡಿಯೋ ಮೈಯ ಸೋಪು. ಅದರ ಜಾಹೀರಾತಿನಲ್ಲಿ ಬೆವರು ಇರ್ತಿತ್ತು, ಧೂಳು ಇರ್ತಿತ್ತು, ಆಟ ಆಡೋ ಗಂಡಸರು ಇರ್ತಿದ್ದರು, ಕ್ರಿಮಿ ಕೊಲ್ಲೋ ಮಾತು ಇರ್ತಿತ್ತು. ಲಕ್ಸ್ ಹಾಗಲ್ಲ. 1941ರಲ್ಲಿ ಲೀಲಾ ಚಿಟ್ನಿಸ್ ಲಕ್ಸ್ ಜಾಹೀರಾತಿಗೆ ಬಂದ ಮೊದಲ ಇಂಡಿಯನ್ ನಟಿ. ಅಲ್ಲಿಂದಾಚೆಗೆ ಲಕ್ಸ್ ಅಂದ್ರೆ ಸಿನಿಮಾ ತಾರೆ. ಲಕ್ಸ್‌ನಲ್ಲಿ ಯಾರಿಗೂ ಬೆವರೇ ಬರೋದಿಲ್ಲ. ಒಂದೇ ಕಂಪನಿ ಒಂದೇ ದೇಶಕ್ಕೆ ಎರಡು ಸೋಪು ಮಾರಿತು, ಒಂದು ಕೊಳೆ ಇರೋರಿಗೆ, ಇನ್ನೊಂದು ಕೊಳೆಯೇ ಇಲ್ಲದೋರಿಗೆ. ನಮ್ಮ ಹಾಸ್ಟೆಲಲ್ಲಿ ತಿಂಗಳಿಗೊಮ್ಮೆ ಕೊಡ್ತಿದ್ದದ್ದು ಯಾವುದು ಅಂತ ಹೇಳಬೇಕಾಗಿಲ್ಲ. ಅದಕ್ಕೂ ಮೊದಲು ಮನೆಯಲ್ಲಿ ಬಟ್ಟೆಗೂ ಮೈಗೂ ಒಂದೇ, 501 ಬಾರ್ ಸೋಪು. ಅಂಗಡಿಯವನು ತಂತಿಯಲ್ಲಿ ಕತ್ತರಿಸಿ ತುಂಡು ಕೊಡೋನು.

ಆಮೇಲೆ ನಮ್ಮದೇ ಮೈಸೂರು ಸ್ಯಾಂಡಲ್. ಇದರ ಮೇಲೆ ನನಗೆ ಪ್ರೀತಿ ಇದೆ, ಸುಳ್ಳು ಹೇಳಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯೂರೋಪಿಗೆ ಹೋಗೋದು ನಿಂತಾಗ ನಾಲ್ವಡಿಯವರ ಸರ್ಕಾರ ಇಲ್ಲೇ ಎಣ್ಣೆ ತೆಗೆಸೋಕೆ ಶುರು ಮಾಡಿ, ಅದೇ ಎಣ್ಣೆಯಿಂದ ಬೆಂಗಳೂರಲ್ಲಿ ಸೋಪು ಮಾಡಿಸಿತು. ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿ ಸೋಪಿನ ವಿದ್ಯೆ ಕಲಿಸಿಕೊಂಡು ಬಂದರು. ಆನೆಯ ತಲೆ, ಸಿಂಹದ ಮೈ ಇರೋ ಶರಭ ಅದರ ಲಾಂಛನ. ಒಡವೆ ಇಡೋ ಪೆಟ್ಟಿಗೆ ಥರದ ಡಬ್ಬಿ. ಸೋಪು ಮುಗಿದು ಎಷ್ಟೋ ತಿಂಗಳಾದರೂ ಆ ಖಾಲಿ ಡಬ್ಬಿ ಬಟ್ಟೆ ಟ್ರಂಕಲ್ಲಿ ಇಟ್ಟರೆ ಘಮ ಬರ್ತಿತ್ತು. ನಮ್ಮ ಅತ್ತೆಯೊಬ್ಬಳು ಮದುವೆಯಲ್ಲಿ ಯಾರೋ ಕೊಟ್ಟ ಸೋಪನ್ನು ಡಬ್ಬಿ ಒಡೆಯದೆ ವರ್ಷಗಟ್ಟಲೆ ಸೀರೆ ಮಧ್ಯೆ ಇಟ್ಕೊಂಡಿದ್ದಳು. ಮೈಗೆ ಹಚ್ಚೋ ಪದಾರ್ಥ ಅಂತ ಅವಳಿಗೆ ಅನ್ನಿಸಿರಲೇ ಇಲ್ಲ.

ಆದರೆ ಗಂಧದ ಕತೆಯಲ್ಲಿ ಇನ್ನೊಂದಿದೆ. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ ಅಂತ ಸಾರಿದ. ಅಲ್ಲಿಂದ 2001ರಲ್ಲಿ ಕಾಯ್ದೆ ತಿದ್ದುಪಡಿ ಆಗೋವರೆಗೂ, ಮರ ನಿಮ್ಮ ಹೊಲದಲ್ಲೇ ಹುಟ್ಟಿದರೂ ಅದು ಸರ್ಕಾರದ್ದು. ಅಂದ್ರೆ ಗಂಧ ಅನ್ನೋದು ಎರಡು ಶತಮಾನ ಮುಟ್ಟಬಾರದ ಮರವಾಗಿತ್ತು. ಹೊಲ ಇದ್ದೋನೇ ಮುಟ್ಟಬಾರದ ಮರ, ಇನ್ನು ಹೊಲವೇ ಇಲ್ಲದ ನಾವು? ಐಷಾರಾಮ ಅನ್ನೋದು ಹಾಗೇ ಹುಟ್ಟುತ್ತೆ ಅನ್ಸುತ್ತೆ. ಮೊದಲು ಎಲ್ಲರ ಕೈಯಿಂದ ದೂರ ಇಡು, ಆಮೇಲೆ ಡಬ್ಬಿಯಲ್ಲಿ ಹಾಕಿ ಮಾರು.

ಬಣ್ಣದ ವಿಷಯಕ್ಕೆ ಬಂದರೆ ಮರ್ಫಿ ರೇಡಿಯೋದ ಮಗು. ಬೆರಳು ತುಟಿಗಿಟ್ಟುಕೊಂಡು ನೋಡೋ ಬೆಳ್ಳಗಿನ ಗುಂಡು ಮಗು, ದೇಶದ ತುಂಬಾ ಕ್ಯಾಲೆಂಡರಾಗಿ ನೇತಾಡಿತ್ತು. ಬಸುರಿ ಹೆಂಗಸರು ನೋಡ್ತಾ ಇದ್ದರೆ ಅಂಥದೇ ಮಗು ಹುಟ್ಟುತ್ತೆ ಅಂತ ನಂಬಿಕೆ. ನಾನು ಹೊಟ್ಟೆಯಲ್ಲಿದ್ದಾಗ ಅವ್ವನೂ ನೋಡಿದ್ದಳಂತೆ. ಫಲಿತಾಂಶ ನನ್ನ ಪ್ರೊಫೈಲ್ ಫೋಟೋದಲ್ಲಿದೆ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು, 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಅಂತ ಮಾಡಿದರು. ನಲವತ್ತೈದು ವರ್ಷ! ಅಷ್ಟರಲ್ಲಿ ನಮ್ಮ ಅಕ್ಕಂದಿರು ತಂಗಿಯರು ಎಷ್ಟು ಸಲ ಕನ್ನಡಿ ಮುಂದೆ ಅತ್ತಿರಬಹುದು, ಅದಕ್ಕೆ ಯಾವ ಕಂಪನಿಯ ಆಡಿಟ್ಟಲ್ಲೂ ಕಾಲಂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಜಾಹೀರಾತು ಹೇಳೋದು: ಐಷಾರಾಮ ಅಂದ್ರೆ ದುಡ್ಡು, ದುಡ್ಡಿದ್ದೋರು ಯಾರು ಬೇಕಾದರೂ ಕೊಳ್ಳಬಹುದು. ಊರು ಹೇಳೋದು: ಐಷಾರಾಮ ಅಂದ್ರೆ ಅಪ್ಪಣೆ. ದುಡ್ಡಿದ್ದರೂ ಅಪ್ಪಣೆ ಇಲ್ಲದಿದ್ದರೆ ಇಲ್ಲ. ಇದು ನನ್ನ ಊಹೆ ಅಲ್ಲ. ಬಾಬಾಸಾಹೇಬರ ‘ಜಾತಿ ವಿನಾಶ’ ತೆಗೆದು ನೋಡಿ, 1936ರ ಪುಸ್ತಕ. ಇಂದೋರ್ ಕಡೆಯ ಬಲಾಯಿ ಜನರ ಮೇಲೆ ಸವರ್ಣರು ಹೇರಿದ ಕಟ್ಟಳೆಗಳ ಪಟ್ಟಿ ಅಲ್ಲಿದೆ. 1928ರ ಜನವರಿಯಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಬಂದ ವರದಿ ಅದು. ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು, ಹೆಂಗಸರು ಚಿನ್ನ ಬೆಳ್ಳಿ ಹಾಕಬಾರದು. 1935ರಲ್ಲಿ ಅಹಮದಾಬಾದ್ ಜಿಲ್ಲೆಯ ಝಾನು ಅನ್ನೋ ಊರಲ್ಲಿ ನಮ್ಮ ಹೆಣ್ಣುಮಕ್ಕಳು ಲೋಹದ ಬಿಂದಿಗೆಯಲ್ಲಿ ನೀರು ತಂದರು ಅಂತ ಹಲ್ಲೆ. ಜೈಪುರ ಸಂಸ್ಥಾನದ ಚಕ್ವಾರದಲ್ಲಿ ತೀರ್ಥಯಾತ್ರೆ ಮುಗಿಸಿ ಬಂದವನು ತನ್ನವರಿಗೆ ಊಟ ಹಾಕಿಸಿದ, ಊಟದಲ್ಲಿ ತುಪ್ಪ ಬಡಿಸಿದ ಅಂತ ದೊಣ್ಣೆ ಹಿಡಿದು ಬಂದರು. ದುಡ್ಡು ಅವನದು, ತುಪ್ಪ ಅವನದು, ಎಲೆ ಅವನದು. ಸಿಟ್ಟು ಮಾತ್ರ ಇವರದು.

ದಕ್ಷಿಣದೋರು ನಾವು ಒಳ್ಳೆಯೋರು ಅಂದುಕೊಳ್ಳಬೇಡಿ. 1930-31ರಲ್ಲಿ ತಮಿಳು ನಾಡಿನ ರಾಮನಾಡಿನಲ್ಲಿ ಕಳ್ಳರ್ ಜಾತಿಯವರು ಆದಿ ದ್ರಾವಿಡರ ಮೇಲೆ ಹೇರಿದ ನಿಷೇಧಗಳನ್ನು ಹಟ್ಟನ್ ಅನ್ನೋ ಜನಗಣತಿ ಅಧಿಕಾರಿ ದಾಖಲು ಮಾಡಿದ್ದಾನೆ. ಅಂಗಿ ಬನಿಯನ್ನು ಬೇಡ, ಚಪ್ಪಲಿ ಬೇಡ, ಕೊಡೆ ಬೇಡ, ಮಣ್ಣಿನ ಪಾತ್ರೆ ಬಿಟ್ಟು ಬೇರೆ ಬೇಡ. ಜೊತೆಗೆ ಮಕ್ಕಳು ಓದು ಕಲಿಯೋದೂ ಬೇಡ. ಓದನ್ನೂ ಕೊಡೆಯನ್ನೂ ಒಂದೇ ಪಟ್ಟಿಗೆ ಸೇರಿಸಿದರು ನೋಡಿ. ಅವರ ಲೆಕ್ಕದಲ್ಲಿ ಅಕ್ಷರವೂ ಶೋಕಿಯೇ. 2012ರಲ್ಲಿ ಪಿಎಂಕೆ ಸ್ಥಾಪಕ ಎಸ್. ರಾಮದಾಸ್ ಅವರು ದಲಿತ ಹುಡುಗರು ಜೀನ್ಸು, ಟೀ ಶರ್ಟು, ಕೂಲಿಂಗ್ ಗ್ಲಾಸು ಹಾಕಿಕೊಂಡು ಹುಡುಗಿಯರನ್ನು ಮರುಳು ಮಾಡ್ತಾರೆ ಅಂದರು. ಎಂಬತ್ತು ವರ್ಷದಲ್ಲಿ ಪಟ್ಟಿಯಲ್ಲಿನ ಸಾಮಾನು ಬದಲಾಗಿದೆ ಅಷ್ಟೇ, ಕೊಡೆ ಹೋಗಿ ಕೂಲಿಂಗ್ ಗ್ಲಾಸ್ ಬಂದಿದೆ.

ಈ ಎರಡರ ಮಧ್ಯೆ ನಿಂತ ಮಗುವನ್ನು ಸ್ವಲ್ಪ ಯೋಚಿಸಿ. ಗೋಡೆ ಮೇಲಿನ ಜಾಹೀರಾತು ಅವನನ್ನು ‘ನೀವು’ ಅಂತ ಕರೆಯುತ್ತೆ. “ನೀವೂ ಬಳಸಿ”, “ನಿಮ್ಮ ಮನೆಗೂ ತನ್ನಿ.” ನನಗೆ ಜೀವಮಾನದಲ್ಲಿ ಮೊದಲ ಸಲ ಬಹುವಚನ ಕೊಟ್ಟಿದ್ದು ಒಂದು ಹಲ್ಲುಪುಡಿ ಜಾಹೀರಾತು ಅಂದ್ರೆ ನೀವು ನಗಬಹುದು. ಊರಲ್ಲಿ ನನ್ನ ಅಪ್ಪನಿಗೇ ಏಕವಚನ. ಹತ್ತು ವರ್ಷದ ಹುಡುಗ “ಲೇ ಬಾರೋ ಇಲ್ಲಿ” ಅಂತ ಕರೆದರೆ ಅಪ್ಪ ಹೋಗ್ತಿದ್ದ. ಆ ಹಾಳೆಗೆ ನನ್ನ ಜಾತಿ ಗೊತ್ತಿರಲಿಲ್ಲ, ಅದಕ್ಕೇ ಅದು ನನಗೆ ಮರ್ಯಾದೆ ಕೊಟ್ಟಿತ್ತು. ಮಾರೋದಕ್ಕೋಸ್ಕರ ಕೊಟ್ಟ ಮರ್ಯಾದೆ ಅಂತ ಈಗ ಗೊತ್ತು. ಆಗ ಆ ವ್ಯತ್ಯಾಸ ತಿಳೀತಿರಲಿಲ್ಲ, ತಿಳಿದಿದ್ದರೂ ಸಿಕ್ಕ ಮರ್ಯಾದೆ ಬಿಡ್ತಿರಲಿಲ್ಲ.

ಆದರೆ ಆ ‘ನೀವು’ ಎಲ್ಲಿವರೆಗೆ? ಮಕ್ಕಳ ಪತ್ರಿಕೆಗಳಲ್ಲಿ ಬಣ್ಣದ ಪೆನ್ಸಿಲ್ ಕಂಪನಿಯವರು ಒಂದು ಸ್ಪರ್ಧೆ ಇಡೋರು. ಚಿತ್ರಕ್ಕೆ ಬಣ್ಣ ತುಂಬಿ, ಕೆಳಗಿನ ಕೂಪನ್ ಕತ್ತರಿಸಿ, ಹೆಸರು, ವಯಸ್ಸು, ವಿಳಾಸ ಬರೆದು ಕಳಿಸಬೇಕು. ನಮ್ಮಕ್ಕ ಚೆನ್ನಾಗಿ ಬಣ್ಣ ಹಚ್ಚೋಳು. ಬಣ್ಣ ಇಲ್ಲದ್ದಕ್ಕೆ ಅರಿಶಿನ, ಕುಂಕುಮ, ಇದ್ದಿಲು, ಅವರೆ ಸೊಪ್ಪಿನ ರಸ ಹಾಕಿ ತುಂಬಿದಳು. ಚೆನ್ನಾಗೇ ಬಂದಿತ್ತು. ಹೆಸರು ಬರೆದಳು, ವಯಸ್ಸು ಬರೆದಳು. ವಿಳಾಸದ ಹತ್ತಿರ ಪೆನ್ನು ನಿಂತುಹೋಯ್ತು. ‘ಎ.ಕೆ. ಕಾಲೋನಿ’ ಅಂತ ಬರೆದರೆ ಮದ್ರಾಸಲ್ಲೋ ಬೊಂಬಾಯಲ್ಲೋ ಕೂತ ಕಂಪನಿಯವರಿಗೆ ಏನು ಗೊತ್ತಾಗುತ್ತೆ ಅಂತ ಈಗ ಕೇಳಬಹುದು. ಹನ್ನೊಂದು ವರ್ಷದ ಹುಡುಗಿಗೆ ಹಾಗೆ ಅನ್ನಿಸಲಿಲ್ಲ. ಅಂಚೆಯವನು ಆ ವಿಳಾಸ ನೋಡಿ ನಮ್ಮ ಕಾಗದವನ್ನು ಕೇರಿಗೆ ತರದೆ ಊರೊಳಗೇ ಯಾರ ಕೈಗೋ ಕೊಟ್ಟು ಹೋಗೋದನ್ನು ಅವಳು ನೋಡಿದ್ದಳು. ಕೊನೆಗೆ ಶಾಲೆ ವಿಳಾಸ ಬರೆದು ಕಳಿಸಿದಳು. ಬಹುಮಾನ ಬರಲಿಲ್ಲ. ಅದಕ್ಕೆ ಬೇಜಾರಿಲ್ಲ, ಸ್ಪರ್ಧೆ ಅಂದ ಮೇಲೆ ಎಲ್ಲರಿಗೂ ಬರಲ್ಲ. ಆದರೆ ಒಂದು ಬಣ್ಣದ ಡಬ್ಬಿಗೋಸ್ಕರ ಮಗುವೊಂದು ತನ್ನ ಮನೆ ಎಲ್ಲಿದೆ ಅನ್ನೋದನ್ನು ಮುಚ್ಚಿಡೋದು ಕಲಿತ ಘಳಿಗೆ ಅದು. ಈಗ ಅವಳು ಟೀಚರು. ಅವಳ ಮನೆಯಲ್ಲಿ ಎಲ್ಲಾ ಥರದ ಬಣ್ಣಗಳೂ ಇವೆ.

ನಮ್ಮ ಮನೆ ಗೋಡೆಯಲ್ಲಿ ಜಾಹೀರಾತಿನ ಮಧ್ಯೆ ಒಂದೇ ಒಂದು ಬೇರೆ ಚಿತ್ರ ಇತ್ತು. ನೀಲಿ ಸೂಟು, ಕನ್ನಡಕ, ಕೈಯಲ್ಲಿ ಪುಸ್ತಕ. ಬಾಬಾಸಾಹೇಬರು ಯಾಕೆ ಸೂಟು ಹಾಕ್ತಿದ್ದರು, ಗಾಂಧಿ ಥರ ಸರಳವಾಗಿ ಇರಬಹುದಿತ್ತಲ್ಲ ಅಂತ ಕೇಳೋ ಜಾಣರು ಈಗಲೂ ಇದ್ದಾರೆ. ಇಡೀ ಜನಾಂಗಕ್ಕೆ ಅಂಗಿ ಹಾಕಬೇಡ ಅಂದ ದೇಶದಲ್ಲಿ ಮೂರು ಪೀಸಿನ ಸೂಟು ಹಾಕೋದು ಏನು ಅಂತ ಅವರಿಗೆ ಅರ್ಥ ಆಗಲ್ಲ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಂಗಸರನ್ನು ಕೂರಿಸಿಕೊಂಡು ಬಟ್ಟೆಯ ಬಗ್ಗೆಯೇ ಮಾತಾಡಿದರು. ಜಾತಿ ಗುರುತು ಹೇಳೋ ಒಡವೆ ಬಿಡಿ, ಸೀರೆ ಉಡೋ ರೀತಿ ಬದಲಿಸಿ, ತೇಪೆ ಇದ್ದರೂ ಪರವಾಗಿಲ್ಲ ಚೊಕ್ಕಟವಾಗಿರಲಿ ಅಂದರು. ಹೆಂಗಸರು ಹಾಗೇ ಸೀರೆ ಉಟ್ಟುಕೊಂಡು ಬಂದರು. ಅದನ್ನು ಶೋಕಿ ಅಂದೋರು ಆಗಲೂ ಇದ್ದಿರಬೇಕು.

ಜಾಹೀರಾತಿನ ಸಾಮಾನು ನಮ್ಮ ವಂಶಕ್ಕೆ ಮೊದಲು ಬಂದದ್ದು ಯಾವುದು, ಹೇಗೆ ಅಂತ ಹೇಳಿಬಿಡ್ತೀನಿ. ಎಚ್‌ಎಂಟಿ ವಾಚು. 1961ರಲ್ಲಿ ಬೆಂಗಳೂರಲ್ಲಿ ಜಪಾನಿನ ಸಿಟಿಜನ್ ಕಂಪನಿ ಸಹಾಯದಿಂದ ಶುರುವಾದದ್ದು. ಜನತಾ, ಪೈಲಟ್, ಸೋನಾ, ಕಾಂಚನ್. ಕಾಂಚನ್ ಅಂದ್ರೆ ಅಳಿಯನಿಗೆ ಕೊಡೋ ವಾಚು. ಜಾಹೀರಾತಲ್ಲಿ ವಾಚು ಕಟ್ಟಿದ ಕೈ ಯಾವಾಗಲೂ ತುಂಬು ತೋಳಿನ ಅಂಗಿಯಿಂದ ಹೊರಗೆ ಬಂದಿರ್ತಿತ್ತು. ನಮ್ಮ ತುಮಕೂರಲ್ಲೂ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಆಯ್ತು. ನಮ್ಮ ಚಿಕ್ಕಪ್ಪ ಎಸ್ಸೆಸ್ಸೆಲ್ಸಿ ಪಾಸಾಗಿ, ಮೀಸಲಾತಿಯಲ್ಲಿ ಅಲ್ಲಿಗೆ ಹೆಲ್ಪರ್ ಆಗಿ ಸೇರಿಕೊಂಡ. ಮೊದಲ ವರ್ಷ ಮುಗಿಯೋ ಹೊತ್ತಿಗೆ ಕೈಗೆ ಒಂದು ವಾಚು ಕಟ್ಟಿಕೊಂಡು ಊರಿಗೆ ಬಂದ. ಊರ ಗೌಡರ ಮನೆಯವರು “ಏನೋ, ವಾಚು ಗೀಚು?” ಅಂದರಂತೆ. ಇವನು “ನಾವೇ ಮಾಡೋದು ಸ್ವಾಮಿ” ಅಂದನಂತೆ. ಆ ಮಾತು ನಮ್ಮ ಕೇರಿಯಲ್ಲಿ ಎಷ್ಟೋ ವರ್ಷ ಓಡಾಡ್ತು. ನಾನು ನೋಡಿದ ಹಾಗೆ ಜಾಹೀರಾತು ಆಸೆ ಹುಟ್ಟಿಸಿತು. ಸಾಮಾನು ತಂದುಕೊಟ್ಟಿದ್ದು ಸಂವಿಧಾನದ 16ನೇ ವಿಧಿ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋ ತೀರ್ಮಾನ ಆಯ್ತು, ತುಮಕೂರಿನ ಜಾಗ ಇಸ್ರೋಗೆ ಹೋಯ್ತು. ಮುಚ್ಚಿದ್ದು ಗಡಿಯಾರದ ಕಾರ್ಖಾನೆ ಅಂತ ಪೇಪರಿನವರು ಕಣ್ಣೀರು ಹಾಕಿ ಬರೆದರು. ಅದರ ಜೊತೆ ಎಷ್ಟು ಮೀಸಲು ಹುದ್ದೆ ಮುಚ್ಚಿಹೋದವು ಅಂತ ಬರೆದದ್ದು ನಾನು ನೋಡಲಿಲ್ಲ.

ಇಲ್ಲಿ ಚಂದ್ರಭಾನ್ ಪ್ರಸಾದ್ ಥರದವರ ವಾದ ನೆನಪಾಗುತ್ತೆ. ಮಾರುಕಟ್ಟೆಯೇ ಜಾತಿ ಒಡೆಯುತ್ತೆ ಅಂತಾರೆ. ಉತ್ತರ ಪ್ರದೇಶದಲ್ಲಿ 1990ರಿಂದ 2007ರವರೆಗೆ ದಲಿತರ ಬದುಕು ಹೇಗೆ ಬದಲಾಯ್ತು ಅಂತ ಅವರೂ ಸೇರಿ ಮಾಡಿದ ಅಧ್ಯಯನ 2010ರಲ್ಲಿ ಬಂತು. ಟೂತ್‌ಪೇಸ್ಟು, ಶಾಂಪೂ, ಫ್ಯಾನು ಬಳಸೋ ಮನೆಗಳು ಜಾಸ್ತಿಯಾದವು ಅಂತ ತೋರಿಸಿದರು. ಅದು ಸುಳ್ಳಲ್ಲ. ತಮಿಳುನಾಡಿನ ಕಡಲೂರಿನವರು ಶಾಂಪೂವನ್ನು ಸ್ಯಾಶೆ ಪೊಟ್ಟಣಕ್ಕೆ ತುಂಬಿ ಮಾರಿದ ಮೇಲೆ ಸಿನಿಮಾ ತಾರೆಯ ತಲೆಗೂದಲು ಚಿಲ್ಲರೆ ಕಾಸಿಗೆ ಕೇರಿಗೆ ಬಂತು. ಸಂತೆ ದಿನ ಅವ್ವ ಪೊಟ್ಟಣ ತಂದರೆ ಒಂದನ್ನೇ ಮೂರು ಜನ ಹಚ್ಚಿಕೊಳ್ತಿದ್ವಿ. ಖುಷಿಯೇ ಆಗ್ತಿತ್ತು. ಆದರೆ ಶಾಂಪೂ ಹಚ್ಚಿದ ತಲೆಯನ್ನು ತೊಳೆಯೋಕೆ ನೀರು ಬೇಕಲ್ಲ ಪ್ರಸಾದ್ ಸಾರ್? ಬಾವಿ ಹತ್ತಿರ ನಿಂತೇ ಇರಬೇಕಾಗಿತ್ತು. ಪೊಟ್ಟಣ ಬಂದು ಎಷ್ಟೋ ವರ್ಷ ಆದಮೇಲೆ ಕೇರಿಗೆ ಬೋರ್‌ವೆಲ್ ಬಂತು, ಅದೂ ಸಂಘದವರು ತಾಲ್ಲೂಕು ಕಚೇರಿ ಮುಂದೆ ಮೂರು ಸಲ ಧರಣಿ ಕೂತ ಮೇಲೆ.

ಇನ್ನೊಂದು ಕ್ಲರ್ಕ್ ಬುದ್ಧಿಯ ಪ್ರಶ್ನೆ: ಜಾಹೀರಾತಿನ ದುಡ್ಡು ಯಾರ ಕಡೆಗೆ ಹೋಗುತ್ತೆ? 1920ರ ಜನವರಿ 31ಕ್ಕೆ ಬಾಬಾಸಾಹೇಬರು ‘ಮೂಕನಾಯಕ’ ಶುರು ಮಾಡಿದಾಗ, ಪತ್ರಿಕೆ ಬರ್ತಾ ಇದೆ ಅಂತ ಒಂದು ಜಾಹೀರಾತು ಹಾಕಿ ಅಂತ ‘ಕೇಸರಿ’ ಪತ್ರಿಕೆಗೆ ಕೇಳಿದರು. ಪುಕ್ಕಟೆ ಅಲ್ಲ, ದುಡ್ಡು ಕೊಟ್ಟು. ತಿಲಕರು ಆಗಿನ್ನೂ ಬದುಕಿದ್ದರು. ಕೇಸರಿ ಹಾಕಲಿಲ್ಲ. 1780ರ ದಶಕದ ಕಲ್ಕತ್ತೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಗುಲಾಮರನ್ನು ಮಾರೋ ಜಾಹೀರಾತು ಬರ್ತಿತ್ತು. ಈ ದೇಶದ ಪತ್ರಿಕೆಯಲ್ಲಿ ಮನುಷ್ಯರು ಮಾಲಾಗಿ ಜಾಹೀರಾತಿಗೆ ಬರಬಹುದಿತ್ತು. ನೂರ ನಲವತ್ತು ವರ್ಷ ಆದಮೇಲೆ ನಮ್ಮವರು ದುಡ್ಡು ಕೊಡ್ತೀವಿ ಅಂದರೂ ಜಾಹೀರಾತುದಾರರಾಗೋಕೆ ಆಗಲಿಲ್ಲ.

1945ರಲ್ಲಿ ಬಾಬಾಸಾಹೇಬರು ಇನ್ನೂ ಬಿಡಿಸಿ ಹೇಳ್ತಾರೆ. ಅಸ್ಪೃಶ್ಯರಿಗೆ ಯಾಕೆ ಸ್ವಂತ ಪತ್ರಿಕೆ ಇಲ್ಲ ಅಂದ್ರೆ ಜಾಹೀರಾತು ಇಲ್ಲದೆ ಪತ್ರಿಕೆ ನಡೆಯಲ್ಲ, ಜಾಹೀರಾತು ಕೊಡೋ ವ್ಯಾಪಾರ ಎಲ್ಲಾ ಕಾಂಗ್ರೆಸ್ಸಿನ ಜೊತೆ ಇದೆ ಅಂತ. ಅದಕ್ಕೆ ಎರಡು ವರ್ಷ ಮೊದಲು, ರಾನಡೆ ಬಗೆಗಿನ ಭಾಷಣ ಅಚ್ಚು ಮಾಡಿಸಿದಾಗ, ಪತ್ರಿಕೆ ನಡೆಸೋದು ಈಗ ಸೋಪು ಮಾಡೋ ಥರದ ವ್ಯಾಪಾರ ಆಗಿಬಿಟ್ಟಿದೆ ಅಂತ ಹೋಲಿಕೆ ಕೊಟ್ಟಿದ್ದರು. ಹೋಲಿಕೆಗೆ ಅವರಿಗೆ ಸಿಕ್ಕಿದ್ದು ಸೋಪೇ! ನಮ್ಮ ಗೋಡೆ ನೋಡಿದ್ದರೆ ಇನ್ನೊಂದು ಪುಟ ಜಾಸ್ತಿ ಬರೀತಿದ್ದರು.

ಕನ್ನಡದಲ್ಲಿ ಇದಕ್ಕೆ ತದ್ವಿರುದ್ಧ ನಿಂತದ್ದು 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ. ಮೇಷ್ಟ್ರು ಜಾಹೀರಾತೇ ಬೇಡ ಅಂದರು, ಓದುಗರ ದುಡ್ಡಲ್ಲೇ ಪತ್ರಿಕೆ ನಡೆಸಿದರು. ಮೇಷ್ಟ್ರ ಬಗ್ಗೆ ನಮ್ಮವರಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ, ಅದು ಇರಲಿ. ಗುಜರಿ ಅಂಗಡಿಯಿಂದ ಅಪ್ಪ ಅದನ್ನೂ ತರ್ತಿದ್ದ. ಅವ್ವ ತಿರುಗಿಸಿ ಮುರುಗಿಸಿ ನೋಡಿ, “ಇದ್ರಲ್ಲಿ ಒಂದು ಬಣ್ಣನೂ ಇಲ್ವಲ್ಲ, ಗೋಡೆಗೆ ಏನ್ ಅಂಟಿಸ್ಲಿ?” ಅಂತ ಪಕ್ಕಕ್ಕೆ ಎಸೆಯೋಳು. ಫ್ರಿಜ್ಜಿಲ್ಲ, ವಾಚಿಲ್ಲ, ಬೆಳ್ಳಗಿನ ಮಗು ಇಲ್ಲ. ಗೋಡೆಗೆ ಬೇಡವಾದ್ದರಿಂದ ಅವು ಮೂಲೆಯಲ್ಲಿ ಗುಡ್ಡೆ ಬಿದ್ದಿರ್ತಿದ್ದವು. ಹೈಸ್ಕೂಲಿಗೆ ಬರೋ ಹೊತ್ತಿಗೆ ನನಗೆ ಗೋಡೆಯೆಲ್ಲಾ ಬಾಯಿಪಾಠ ಆಗಿತ್ತು, ಓದೋಕೆ ಬೇರೇನೂ ಉಳಿದಿರಲಿಲ್ಲ. ಆ ಗುಡ್ಡೆಗೆ ಕೈ ಹಾಕಿದೆ. ದೇವನೂರರ ಹೆಸರು, ಸಿದ್ಧಲಿಂಗಯ್ಯನವರ ಹೆಸರು, ಬೂಸಾ ಗಲಾಟೆ, ಬಸವಲಿಂಗಪ್ಪ, ದಲಿತ ಸಂಘರ್ಷ ಸಮಿತಿ ಇವೆಲ್ಲ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದರಲ್ಲೇ.

ಆ ಮನೆ 2004ರಲ್ಲಿ ಬಿತ್ತು, ಆಮೇಲೆ ಆಶ್ರಯ ಯೋಜನೆಯಲ್ಲಿ ಸಿಮೆಂಟಿನ ಮನೆ ಆಯ್ತು. ಗೋಡೆ ಕೆಡವುವಾಗ ಹಾಳೆಗಳು ದಪ್ಪ ರಟ್ಟಿನ ಥರ ಒಟ್ಟಿಗೇ ಕಿತ್ತು ಬಂದವು. ಇಪ್ಪತ್ತು ವರ್ಷದ ಪದರ. ಇಟ್ಕೊಬೇಕು ಅಂದುಕೊಳ್ಳುವಷ್ಟರಲ್ಲಿ ಅವ್ವ ಒಲೆಗೆ ಹಾಕಿ ನೀರು ಕಾಯಿಸಿದ್ದಳು.

ನಿಮ್ಮ ಮನೆಯ ಗೋಡೆ ಮೇಲೆ, ಟ್ರಂಕಿನೊಳಗೆ, ಪುಸ್ತಕದ ರಟ್ಟಿಗೆ ಯಾವ ಜಾಹೀರಾತು ಇತ್ತು, ಅದರಲ್ಲಿ ನೀವು ಏನು ನೋಡ್ತಿದ್ದಿರಿ ಅಂತ ನೆನಪಿದ್ದರೆ ಕೆಳಗೆ ಬರೀರಿ. ವಿಶೇಷವಾಗಿ ಅಕ್ಕಂದಿರು ಬರೀಬೇಕು. ಹಳೇ ‘ಪಂಚಮ’ ಸಂಚಿಕೆ ಯಾರ ಹತ್ತಿರ ಆದರೂ ಇದ್ದರೆ ತಿಳಿಸಿ, ಬಂದು ಫೋಟೋ ತೆಗೆದುಕೊಂಡು ಹೋಗ್ತೀನಿ.

ಜೈ ಭೀಮ್.